ಇಂಟ್ರಾಮ್ಯೂರಲ್ ಲೀಗ್: ಕಾಲೇಜಿನೊಳಗಿನ ಬ್ಯಾಸ್ಕೆಟ್‌ಬಾಲ್‌ಗೆ ಬೇರೆ ರೂಲ್ಸ್ ಯಾಕೆ?

ಕಾಲೇಜಿನ ನೋಟಿಸ್ ಬೋರ್ಡಿಗೆ ಆಟದ ವಿಷಯದಲ್ಲಿ ಎರಡು ಥರದ ಸೂಚನೆ ಬರುತ್ತದೆ. ಒಂದು ಕಾಲೇಜು ಟೀಮಿನ ಸೆಲೆಕ್ಷನ್. ಹೊರಗಿನ ಕಾಲೇಜುಗಳ ಮೇಲೆ ಆಡಲು ಹನ್ನೆರಡು ಜನರನ್ನು ಆರಿಸುವುದು. ಇನ್ನೊಂದು ಇಂಟ್ರಾಮ್ಯೂರಲ್. ಕಲಬುರಗಿಯ ಹುಡುಗರು ಈ ಹೆಸರನ್ನು ಬಳಸುವುದು ಕಮ್ಮಿ. ‘ಇಂಟರ್ ಬ್ರಾಂಚ್’, ‘ಇಂಟರ್ ಕ್ಲಾಸ್’ ಅಂತಾರೆ. ದೈಹಿಕ ಶಿಕ್ಷಣದ ಪುಸ್ತಕದಲ್ಲಿ ಮಾತ್ರ ಅದು ಇಂಟ್ರಾಮ್ಯೂರಲ್. ಒಂದೇ ಕಾಲೇಜಿನವರು ತಮ್ಮತಮ್ಮಲ್ಲೇ ಟೀಮ್ ಕಟ್ಟಿಕೊಂಡು, ಕಾಲೇಜಿನ ಕಾಂಪೌಂಡ್ ಒಳಗೇ ಆಡುವ ಪಂದ್ಯಗಳು ಅಂತ ಅರ್ಥ.

ಇಲ್ಲಿ ಸೆಲೆಕ್ಷನ್ ಇಲ್ಲ. ಹೆಸರು ಕೊಟ್ಟವರೆಲ್ಲ ಆಡಬಹುದು. ಈ ಲೀಗ್‌ನ ವಿಚಿತ್ರ ರೂಲ್ಸ್ ಎಲ್ಲ ಹುಟ್ಟುವುದು ಈ ಒಂದು ಮಾತಿನಿಂದಲೇ. ಗಲ್ಲಿ ಕ್ರಿಕೆಟ್‌ನಲ್ಲಿ ಒನ್ ಪಿಚ್ ಕ್ಯಾಚ್ ಔಟ್ ಅಂತ ಇರುತ್ತದಲ್ಲ, ಹಾಗೇ. ಜಾಗ ಎಷ್ಟಿದೆ, ಹೊತ್ತು ಎಷ್ಟಿದೆ, ಆಡುವವರು ಯಾರು ಅಂತ ನೋಡಿ ನಿಯಮ ಮಾಡಿಕೊಳ್ಳುತ್ತಾರೆ.

ಹಾಗೆ ನೋಡಿದರೆ ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಂದು ಕ್ಲಾಸಿನೊಳಗೆ. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆ. ಹೊರಗೆ ಚಳಿ. ಜಿಮ್‌ನೊಳಗೆ ಕಸರತ್ತು ಮಾಡಿ ಮಾಡಿ ಬೇಸತ್ತ ಹದಿನೆಂಟು ವಿದ್ಯಾರ್ಥಿಗಳು. ಅವರಿಗೆ ಏನಾದರೂ ಹೊಸ ಆಟ ಕೊಡಬೇಕು ಅಂತ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಹೊಡೆಸಿ, ಹದಿಮೂರು ನಿಯಮ ಬರೆದರು. ಒಂದೊಂದು ಕಡೆಗೆ ಒಂಬತ್ತು ಜನ. ಯಾಕೆ ಒಂಬತ್ತು? ಕ್ಲಾಸಿನಲ್ಲಿ ಹದಿನೆಂಟು ಜನ ಇದ್ದರು, ಅಷ್ಟೇ! ಯಾರನ್ನೂ ಹೊರಗೆ ಕೂರಿಸಲಿಲ್ಲ. ಐದು ಜನರ ಟೀಮ್ ಆಮೇಲೆ ಬಂದದ್ದು. ಅಮೆರಿಕದ ಮಿಶಿಗನ್ ಮತ್ತು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳು ಇಂಥ ಒಳಗಿನ ಪಂದ್ಯಗಳಿಗೆ ಅಂತಲೇ 1913ರಲ್ಲಿ ಬೇರೆ ವಿಭಾಗ ತೆರೆದವು. ಅಲ್ಲಿಂದ ಈ ಪದ್ಧತಿ ಬೇರೆ ಕಡೆಗೂ ಹಬ್ಬಿತು.

ಈಗ ಲೀಗ್ ಅನ್ನುವ ಪದ. ನಾಕ್‌ಔಟ್‌ನಲ್ಲಿ ಸೋತರೆ ಮುಗೀತು. ಲೀಗ್‌ನಲ್ಲಿ ಪ್ರತಿ ಟೀಮ್ ಉಳಿದ ಎಲ್ಲ ಟೀಮಿನ ಮೇಲೂ ಆಡುತ್ತದೆ. ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್, ಮೆಕ್ಯಾನಿಕಲ್, ಸಿಎಸ್ ಅಂತ ಆರು ಬ್ರಾಂಚ್ ಇವೆ ಅಂದುಕೊಳ್ಳಿ. ನಾಕ್‌ಔಟ್ ಆದರೆ ಐದು ಪಂದ್ಯದಲ್ಲಿ ಕಪ್ ಯಾರಿಗೆ ಅಂತ ಗೊತ್ತಾಗುತ್ತದೆ. ಲೀಗ್ ಆದರೆ ಹದಿನೈದು ಪಂದ್ಯ ಬೇಕು. ಖರ್ಚು ಜಾಸ್ತಿ, ತಲೆನೋವೂ ಜಾಸ್ತಿ. ಆದರೆ ಎಲ್ಲರಿಗಿಂತ ಕೆಟ್ಟದಾಗಿ ಆಡುವ ಟೀಮಿಗೂ ಐದು ಪಂದ್ಯ ಗ್ಯಾರಂಟಿ. ಎಷ್ಟೋ ಕಾಲೇಜುಗಳು ಸಮಯ ಉಳಿಸಲು ನಾಕ್‌ಔಟ್ ಮಾಡಿ ಕೈ ತೊಳೆದುಕೊಳ್ಳುತ್ತವೆ. ಮೊದಲ ದಿನವೇ ಅರ್ಧ ಕಾಲೇಜನ್ನು ಮನೆಗೆ ಕಳಿಸುವುದಾದರೆ ಇಂಟ್ರಾಮ್ಯೂರಲ್ ಅನ್ನುವ ಹೆಸರು ಯಾಕೆ ಬೇಕು?

ಪಾಯಿಂಟ್ಸ್ ಪಟ್ಟಿಯಲ್ಲೂ ಒಂದು ಮಜಾ ಇದೆ. ಬ್ಯಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದ ಪ್ರಕಾರ ಗೆದ್ದವರಿಗೆ 2 ಅಂಕ. ಸೋತವರಿಗೆ ಸೊನ್ನೆ ಅಲ್ಲ, 1 ಅಂಕ. ಸೊನ್ನೆ ಯಾರಿಗೆ ಅಂದರೆ, ಆಡಲು ಬಾರದೇ ಇದ್ದವರಿಗೆ. ಬಂದು, ಆಡಿ, ಸೋತದ್ದಕ್ಕೂ ಒಂದು ಅಂಕದ ಬೆಲೆ ಇದೆ.

ಇಲ್ಲಿಂದ ವಾಕ್‌ಓವರ್‌ಗೆ, ಅಂದರೆ ಎದುರಿನವರು ಬಾರದೇ ಇದ್ದಾಗ ಆಡದೇ ಸಿಗುವ ಗೆಲುವಿಗೆ ಬರೋಣ. ನಮ್ಮ ಕಡೆ ಜಗಳ ಜಾಸ್ತಿ ಆಗುವುದೇ ಇದರ ಮೇಲೆ. ಫಿಬಾ ಪ್ರಕಾರ ಆಟ ಶುರುವಾಗಲು ಟೀಮಿಗೆ ಐದು ಜನ ಬೇಕು. ನಿಗದಿಯಾದ ಹೊತ್ತಿನಿಂದ 15 ನಿಮಿಷದೊಳಗೆ ಐದು ಜನ ಆಗದಿದ್ದರೆ ಎದುರಾಳಿಗೆ 20–0 ಗೆಲುವು. ಆದರೆ ಕಲಬುರಗಿಯ ಕಾಲೇಜಿಗೆ ಆಳಂದ, ಅಫಜಲಪುರ, ಚಿತ್ತಾಪುರದಿಂದ ದಿನಾ ಬಸ್ಸಿಗೆ ಬರುವ ಹುಡುಗರಿದ್ದಾರೆ. ‘ಒಬ್ಬಾಂವ ಬಸ್‌ನಾಗ ಹಾನ್ರಿ ಸರ್, ಐದು ನಿಮಿಷದಾಗ ಬರ್ತಾನ್ರಿ’ ಅನ್ನುವ ಮಾತು ಕೇಳದ ಪಿ.ಡಿ. (ಫಿಸಿಕಲ್ ಡೈರೆಕ್ಟರ್) ಸರ್ ಇರಲಿಕ್ಕಿಲ್ಲ. ಅದಕ್ಕೇ ಮನರಂಜನೆಯ ಲೀಗ್‌ಗಳಲ್ಲಿ ನಾಲ್ಕು ಜನ ಇದ್ದರೂ ಆಟ ಶುರು ಮಾಡಲು ಬಿಡುವ ರೂಢಿ ಇದೆ. ಐದನೆಯವನು ಬಂದಾಗ ಸಬ್‌ಸ್ಟಿಟ್ಯೂಟ್ ಥರ ಒಳಗೆ ಹೋಗುತ್ತಾನೆ. ಆದರೆ ಆಟದ ಗಡಿಯಾರ ನಿಗದಿಯಾದ ಹೊತ್ತಿಗೇ ಓಡಲು ಶುರುವಾಗಬೇಕು. ತಡವಾಗಿ ಬಂದವರಿಗಾಗಿ ಮುಂದಿನ ಪಂದ್ಯದವರು ಯಾಕೆ ಕಾಯಬೇಕು?

ಗಡಿಯಾರದ ಮಾತು ಬಂತಲ್ಲ, ಲೀಗ್‌ನ ದೊಡ್ಡ ವ್ಯತ್ಯಾಸ ಇರುವುದೇ ಅದರಲ್ಲಿ. ಫಿಬಾ ಪಂದ್ಯ ಅಂದರೆ 10 ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷ. ಆದರೆ ಬಾಲ್ ಹೊರಗೆ ಹೋದರೆ, ಫೌಲ್ ಆದರೆ, ಪ್ರತಿ ಸೀಟಿಗೂ ಗಡಿಯಾರ ನಿಲ್ಲುತ್ತದೆ. ಹಾಗಾಗಿ 40 ನಿಮಿಷದ ಆಟ ಮುಗಿಯಲು ಒಂದೂವರೆ ತಾಸಾದರೂ ಬೇಕು. ಹೊಸಬರು ಆಡಿದರೆ ಕೇಳಲೇಬೇಡಿ, ನಿಮಿಷಕ್ಕೊಂದು ಸೀಟಿ. ಅದಕ್ಕೇ ಇಂಟ್ರಾಮ್ಯೂರಲ್‌ನಲ್ಲಿ ರನ್ನಿಂಗ್ ಕ್ಲಾಕ್ ಇರುತ್ತದೆ. 20 ನಿಮಿಷದ ಎರಡು ಹಾಫ್. ಸೀಟಿ ಊದಿದರೂ ಗಡಿಯಾರ ಓಡುತ್ತಲೇ ಇರುತ್ತದೆ. ಟೈಮ್‌ಔಟ್ ತೆಗೆದುಕೊಂಡಾಗ, ಯಾರಿಗಾದರೂ ಪೆಟ್ಟಾದಾಗ ಮಾತ್ರ ನಿಲ್ಲಿಸುತ್ತಾರೆ. ಕೊನೆಯ ಎರಡು ನಿಮಿಷ ಮಾತ್ರ ಪಕ್ಕಾ ಲೆಕ್ಕ, ಪ್ರತಿ ಸೀಟಿಗೂ ನಿಲ್ಲಬೇಕು. ಇಲ್ಲದಿದ್ದರೆ ಒಂದು ಅಂಕ ಮುಂದಿರುವ ಟೀಮ್ ಬಾಲ್ ತರಲು ಬೇಕಂತಲೇ ನಿಧಾನವಾಗಿ ನಡೆದು ಹೋಗುತ್ತದೆ. ನಮ್ಮ ಹುಡುಗರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಈ ಭಾಗದಲ್ಲಿ ರನ್ನಿಂಗ್ ಕ್ಲಾಕ್‌ಗೆ ಇನ್ನೊಂದು ಕಾರಣ ಇದೆ. ಬಿಸಿಲು. ನೈಸ್ಮಿತ್ ಅವರನ್ನು ಚಳಿ ಒಳಗೆ ಓಡಿಸಿತು. ನಮ್ಮಲ್ಲಿ ಕೋರ್ಟ್ ಇರುವುದು ಬಯಲಿನಲ್ಲಿ, ಅದೂ ಸಿಮೆಂಟಿನದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ. ಅಂಥ ಊರಲ್ಲಿ ಒಂಬತ್ತು ಗಂಟೆಯ ಮೇಲೆ ಸಿಮೆಂಟಿನ ಮೇಲೆ ಓಡಿಸುವುದು ಆಟ ಅಲ್ಲ, ಶಿಕ್ಷೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿ, ಪಂದ್ಯಕ್ಕೆ 50 ನಿಮಿಷ ಅಂತ ಹಿಡಿದರೆ ಎಂಟೂವರೆ ಒಳಗೆ ಮೂರು ಪಂದ್ಯ ಮುಗಿಯುತ್ತವೆ. ಹದಿನೈದು ಪಂದ್ಯಕ್ಕೆ ಐದು ಬೆಳಗು. ಆರರಿಂದ ಎಂಟೂವರೆಯೊಳಗೆ ಮೂರು ಪಂದ್ಯ ಕೂರಿಸುವುದು ಪ್ರತಿ ಸೀಟಿಗೂ ನಿಲ್ಲುವ ಗಡಿಯಾರದಲ್ಲಿ ಆಗದ ಮಾತು. ಹಾಗೇ ನೀರಿಗೆ ಅಂತ ಪ್ರತಿ ಹಾಫ್‌ನ ನಡುವೆ ಒಂದು ಕಡ್ಡಾಯ ಬಿಡುವು ಇಟ್ಟುಕೊಳ್ಳುವುದು ಒಳ್ಳೆಯದು. ಆಟದ ಮುಂಚೆ ಕೋರ್ಟ್ ಗುಡಿಸಿಕೊಳ್ಳಬೇಕು. ಸಿಮೆಂಟಿನ ಮೇಲೆ ಸಣ್ಣ ಧೂಳು ಇದ್ದರೂ ಕಾಲು ಜಾರುತ್ತದೆ.

ಬಾಲ್ ಸಿಕ್ಕ ಟೀಮ್ 24 ಸೆಕೆಂಡಿನೊಳಗೆ ಬುಟ್ಟಿಗೆ ಶಾಟ್ ಹೊಡೆಯಲೇಬೇಕು ಅಂತ ಲೆಕ್ಕ ಇಡುವ ಶಾಟ್ ಕ್ಲಾಕ್ ಇಲ್ಲಿ ಇರುವುದಿಲ್ಲ. ಯಂತ್ರಕ್ಕೆ ದುಡ್ಡು ಎಲ್ಲಿಂದ ಬರಬೇಕು? ಆದರೆ ಅದು ಇಲ್ಲದಿದ್ದರೆ ಏನಾಗಬಹುದು ಅನ್ನುವುದಕ್ಕೆ ಹಳೆಯ ಉದಾಹರಣೆ ಇದೆ. 1950ರ ನವೆಂಬರ್ 22ರಂದು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಪಂದ್ಯವೊಂದರಲ್ಲಿ ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಬಾಲ್ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟಿತು. ಬಲಿಷ್ಠ ಲೇಕರ್ಸ್ ತಂಡದ ಮೇಲೆ ಅವರು ಗೆದ್ದದ್ದು 19–18ರಿಂದ! ಇಂಥ ಆಟ ನೋಡಲು ಜನ ಬರುತ್ತಾರಾ? 1954ರಲ್ಲಿ ಎನ್‌ಬಿಎ 24 ಸೆಕೆಂಡಿನ ನಿಯಮ ತಂದಿತು. ಯಂತ್ರ ಇಲ್ಲದ ಲೀಗ್‌ನಲ್ಲಿ ರೆಫರಿ ಕೈ ಬೀಸಿ ಎಣಿಸುವ ನಿಯಮಗಳೇ ಆಸರೆ. ಅರ್ಧ ಕೋರ್ಟ್ ದಾಟಲು 8 ಸೆಕೆಂಡ್. ಬಾಲ್ ಒಳಗೆ ಎಸೆಯಲು 5 ಸೆಕೆಂಡ್. ಬುಟ್ಟಿ ಕೆಳಗಿನ ಬಣ್ಣದ ಜಾಗದಲ್ಲಿ, ತಮ್ಮ ಟೀಮಿನ ಕೈಯಲ್ಲಿ ಬಾಲ್ ಇದ್ದಾಗ, 3 ಸೆಕೆಂಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ಎತ್ತರದ ಹುಡುಗನೊಬ್ಬನನ್ನು ಬುಟ್ಟಿ ಕೆಳಗೆ ಕಂಬದ ಥರ ನಿಲ್ಲಿಸುವ ಟೀಮುಗಳಿಗೆ ಈ ಮೂರು ಸೆಕೆಂಡ್ ಭಾರಿ ಕಷ್ಟ.

ಯಾರು ಆಡಬಹುದು? ಐಡಿ ಕಾರ್ಡ್ ಇರುವ ವಿದ್ಯಾರ್ಥಿ, ಒಬ್ಬರಿಗೆ ಒಂದೇ ಟೀಮ್. ಹೆಸರಿನ ಪಟ್ಟಿಯನ್ನು ಮೊದಲ ಪಂದ್ಯಕ್ಕೂ ಮುಂಚೆ ಕೊಡಬೇಕು. ಲೀಗ್ ಆದ ಮೇಲೆ ಸೆಮಿಫೈನಲ್ ಇಟ್ಟಿದ್ದರೆ, ಅಲ್ಲಿಗೆ ಬಂದ ಮೇಲೆ ಹೊಸ ಹೆಸರು ಸೇರಿಸುವಂತಿಲ್ಲ. ಬೇರೆಯವನ ಹೆಸರಲ್ಲಿ ಆಡಿದರೆ ಆ ಪಂದ್ಯವೇ ಹೋಯಿತು. ಇವೆಲ್ಲ ಸರಳ. ತಕರಾರು ಇರುವುದು ಕಾಲೇಜು ಟೀಮಿನ ಆಟಗಾರರ ಬಗ್ಗೆ. ಯೂನಿವರ್ಸಿಟಿಗೆ ಆಡಿದ ‘ಬ್ಲೂ’ ಒಬ್ಬನಿದ್ದರೆ ಆ ಬ್ರಾಂಚ್ ಗೆದ್ದ ಹಾಗೇ. ಅಮೆರಿಕದ ಇಂಟ್ರಾಮ್ಯೂರಲ್‌ಗಳಲ್ಲಿ ಕಾಲೇಜು ಟೀಮಿನಲ್ಲಿ ಆಡುತ್ತಿರುವವರಿಗೆ ಸಾಮಾನ್ಯವಾಗಿ ಅದೇ ಆಟದ ಲೀಗ್‌ನಲ್ಲಿ ಅವಕಾಶವೇ ಇಲ್ಲ. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟು ಬೇಡ ಅನಿಸುತ್ತದೆ. ಆಡುವವರೇ ಕಮ್ಮಿ. ಒಂದು ಹೊತ್ತಿಗೆ ಕೋರ್ಟಿನಲ್ಲಿ ಒಬ್ಬ ಕಾಲೇಜು ಆಟಗಾರ ಮಾತ್ರ ಇರಬೇಕು ಅಂದರೆ ಸಾಕು. ಉಳಿದವರನ್ನು ರೆಫರಿ ಮಾಡಿ. ರೂಲ್ಸ್ ಗೊತ್ತಿರುವವರು ಅವರೇ ಅಲ್ವಾ? ಆದರೆ ಅವರದೇ ಬ್ರಾಂಚಿನ ಪಂದ್ಯಕ್ಕೆ ಅವರ ಕೈಗೆ ಸೀಟಿ ಕೊಡಬೇಡಿ.

ಮೈಮೇಲಿನ ವಸ್ತುಗಳ ನಿಯಮವೂ ಇದೆ. ಉಂಗುರ, ವಾಚ್, ಚೈನ್, ಬಳೆ ತೆಗೆದಿಡಬೇಕು. ಇದು ಬರೀ ಶಿಸ್ತಿನ ಮಾತಲ್ಲ. ಉಂಗುರದ ಬೆರಳು ಬುಟ್ಟಿಯ ನೆಟ್‌ಗೆ ಸಿಕ್ಕಿಕೊಂಡರೆ ಬೆರಳಿಗೇ ಅಪಾಯ. ರಕ್ತ ಬಂದರೆ ಕೂಡಲೇ ಹೊರಗೆ, ಪಟ್ಟಿ ಕಟ್ಟಿಕೊಂಡ ಮೇಲೆ ಒಳಗೆ. ತಲೆಯ ಮೇಲಿನ ಬಟ್ಟೆಯ ಬಗ್ಗೆ ಮಾತ್ರ ಹಳೆಯ ಪುಸ್ತಕ ನೋಡಿ ತೀರ್ಪು ಕೊಡಬಾರದು. 2014ರಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಅಮೃತ್‌ಪಾಲ್ ಸಿಂಗ್, ಅಮ್‌ಜ್ಯೋತ್ ಸಿಂಗ್ ಅವರಿಗೆ ಪಗಡಿ ತೆಗೆದು ಆಡಿ ಅಂದರು. ದೊಡ್ಡ ಗದ್ದಲ ಆಯಿತು. ಕೊನೆಗೆ ಫಿಬಾ ನಿಯಮ ಬದಲಿಸಿತು. 2017ರ ಅಕ್ಟೋಬರ್‌ನಿಂದ ಪಗಡಿ, ಹಿಜಾಬ್ ಹಾಕಿಕೊಂಡು ಆಡಬಹುದು. ಅದರಿಂದ ತನಗೂ ಬೇರೆಯವರಿಗೂ ಪೆಟ್ಟಾಗಬಾರದು, ಮುಖ ಮುಚ್ಚಬಾರದು ಅನ್ನುವುದು ಮುಖ್ಯ ಷರತ್ತು. ಗುರುನಾನಕ್ ಝೀರಾ ಗುರುದ್ವಾರ ಇರುವ ಬೀದರಿನಲ್ಲಿ ಇದು ಪುಸ್ತಕದ ಮಾತಲ್ಲ. ಕಲಬುರಗಿಯಲ್ಲಿ ಹುಡುಗಿಯರ ಟೀಮ್ ಕಟ್ಟುವವರೂ ಇದನ್ನು ಮೊದಲೇ ಹೇಳಿಬಿಟ್ಟರೆ ಇನ್ನೂ ನಾಲ್ಕು ಜನ ಹೆಸರು ಕೊಡಬಹುದು. ಹುಡುಗಿಯರಿಗೆ ಬಾಲ್ ಬೇರೆ ಅನ್ನುವುದೂ ನೆನಪಿರಲಿ. ಹುಡುಗರಿಗೆ 7ನೇ ಸೈಜ್, ಹುಡುಗಿಯರಿಗೆ 6. ಎಷ್ಟೋ ಕಡೆ ಇರುವ ಒಂದೇ ಬಾಲನ್ನು ಇಬ್ಬರಿಗೂ ಕೊಡುತ್ತಾರೆ, ಆಮೇಲೆ ಶಾಟ್ ಹೋಗಲ್ಲ ಅಂತಾರೆ.

ಫೌಲ್‌ಗಳನ್ನು ಬೇಗ ಮುಗಿಸೋಣ, ಇಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಐದು ಫೌಲ್ ಆದರೆ ಆಟದಿಂದ ಹೊರಗೆ. ಫಿಬಾದಲ್ಲಿ ಒಂದು ಕ್ವಾರ್ಟರ್‌ನಲ್ಲಿ ಟೀಮಿನ ಫೌಲ್ ನಾಲ್ಕು ದಾಟಿದರೆ, ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಬುಟ್ಟಿಗೆ ಹಾಕುವ ಅವಕಾಶ. ಎರಡು ಹಾಫ್ ಆಡಿಸುವವರು ಈ ಲೆಕ್ಕವನ್ನು ತಮ್ಮ ಆಟಕ್ಕೆ ತಕ್ಕಂತೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಟ್ರಾವೆಲಿಂಗ್ (ಬಾಲನ್ನು ನೆಲಕ್ಕೆ ಬಡಿಯದೆ ಹಿಡಿದು ಓಡುವುದು), ಡಬಲ್ ಡ್ರಿಬಲ್ (ಬಡಿಯುವುದನ್ನು ನಿಲ್ಲಿಸಿ ಹಿಡಿದ ಮೇಲೆ ಮತ್ತೆ ಬಡಿಯುವುದು) ವಿಷಯದಲ್ಲಿ ‘ಹೊಸಬರು, ಬಿಡಿ ಸರ್’ ಅನ್ನುವ ವಾದ ಬರುತ್ತದೆ. ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಬಾಲ್ ಹಿಡಿದು ಓಡಬಾರದು ಅನ್ನುವುದು ನೈಸ್ಮಿತ್ ಅವರ ಮೂಲ ನಿಯಮಗಳಲ್ಲೇ ಇತ್ತು. ಅದನ್ನೂ ಬಿಟ್ಟರೆ ಎದುರಿನವರು ತಡೆಯಲು ಮೈಮೇಲೆ ಬೀಳುತ್ತಾರೆ, ಆಮೇಲೆ ಜಗಳ.

ಜಗಳಕ್ಕೆ ಅಂತಲೇ ಒಂದು ನಿಯಮ ಇದೆ, ಫಿಬಾದ್ದೇ: ಆಟಗಾರರಲ್ಲಿ ರೆಫರಿ ಜೊತೆ ಕ್ಯಾಪ್ಟನ್ ಮಾತ್ರ ಮಾತಾಡಬೇಕು, ಅದೂ ಮರ್ಯಾದೆಯಿಂದ. ಮಿತಿ ಮೀರಿ ವಾದ ಮಾಡಿದರೆ ಟೆಕ್ನಿಕಲ್ ಫೌಲ್, ಎದುರಾಳಿಗೆ ಒಂದು ಫ್ರೀ ಥ್ರೋ. ಎರಡು ಟೆಕ್ನಿಕಲ್ ಆದರೆ ಕೋರ್ಟಿನಿಂದ ಹೊರಗೆ. ಅಮೆರಿಕದ ಕೆಲವು ಕಾಲೇಜು ಲೀಗ್‌ಗಳು ಇನ್ನೂ ಮುಂದೆ ಹೋಗಿವೆ. ಪ್ರತಿ ಪಂದ್ಯದ ನಂತರ ಟೀಮಿನ ನಡತೆಗೂ ಅಂಕ ಕೊಡುತ್ತಾರೆ. ಆ ಸರಾಸರಿ ಕೆಳಗೆ ಬಿದ್ದರೆ, ಎಲ್ಲ ಪಂದ್ಯ ಗೆದ್ದಿದ್ದರೂ ಪ್ಲೇಆಫ್ (ಲೀಗ್ ನಂತರ ಕಪ್‌ಗಾಗಿ ನಡೆಯುವ ಕೊನೆಯ ಪಂದ್ಯಗಳು) ಇಲ್ಲ. ಐಡಿಯಾ ಚೆನ್ನಾಗಿದೆ. ಆದರೆ ಆ ಅಂಕ ಕೊಡಬೇಕಾದ ರೆಫರಿ ಮರುದಿನ ಅದೇ ಹುಡುಗರ ಜೊತೆ ಲ್ಯಾಬ್‌ನಲ್ಲಿ ಕೂರಬೇಕು. ನಮ್ಮಲ್ಲಿ ಅದು ಪಿ.ಡಿ. ಸರ್ ಕೈಯಲ್ಲೇ ಇರುವುದು ವಾಸಿ.

ಇಷ್ಟಾದರೂ ಕೆಲವು ಬ್ರಾಂಚಿಗೆ ಐದು ಜನ ಸೇರುವುದೇ ಇಲ್ಲ. ಹುಡುಗಿಯರ ಟೀಮಿಗೆ ಇದು ಜಾಸ್ತಿ ಕಾಡುವ ತೊಂದರೆ. ಅಂಥ ಕಡೆ ತ್ರೀ ಇಂಟು ತ್ರೀ ಆಡಿಸಬಹುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕದ ಆಟವಾಗಿ ಸೇರಿದ ಮಾದರಿ ಇದು. ಅರ್ಧ ಕೋರ್ಟ್, ಒಂದೇ ಬುಟ್ಟಿ. ಆಡುವವರು ಮೂವರು, ಹೊರಗೆ ಒಬ್ಬರು. ಬುಟ್ಟಿ ಸುತ್ತಲಿನ ಕಮಾನು ಗೆರೆಯ ಒಳಗಿನಿಂದ ಹಾಕಿದರೆ 1 ಅಂಕ, ಹೊರಗಿನಿಂದ 2. ಹತ್ತು ನಿಮಿಷ ಮುಗಿದಾಗ ಮುಂದಿರುವವರು ಗೆದ್ದರು. ಅದಕ್ಕೂ ಮುಂಚೆ ಯಾರಾದರೂ 21 ಮುಟ್ಟಿದರೆ ಅಲ್ಲಿಗೇ ಆಟ ಮುಗಿಯಿತು. ಒಂದು ಕೋರ್ಟಿನ ಎರಡು ಬುಟ್ಟಿಯಲ್ಲಿ ಎರಡು ಪಂದ್ಯ ಒಟ್ಟಿಗೇ ನಡೆಯುತ್ತವೆ. ಆರು ಟೀಮಿನ ಹದಿನೈದು ಪಂದ್ಯಗಳು ಎರಡೇ ಬೆಳಗಿನಲ್ಲಿ ಮುಗಿದುಹೋಗುತ್ತವೆ.