ಸಿಆರ್‌ಐಗೂ ಬಿಳುಪಿಗೂ ಸಂಬಂಧವಿಲ್ಲ

‘ಹೈ ಸಿಆರ್‌ಐ ವೈಟ್ ಲೈಟ್, 6500 ಕೆಲ್ವಿನ್, ಬಣ್ಣ ಒರಿಜಿನಲ್ ಕಾಣುತ್ತೆ.’ ಎಕ್ಸಿಬಿಷನ್ ಸ್ಟಾಲ್ ಹಾಕಿಕೊಡುವವರ ಕೊಟೇಶನ್ನುಗಳಲ್ಲಿ ಈ ಸಾಲು ಕಾಯಂ ಆಗಿಬಿಟ್ಟಿದೆ. ಸ್ಟಾಲ್ ಹಿಡಿಯುವವರೂ ಅದನ್ನೇ ಕಲಿತು, ‘ಹಳದಿ ಬೇಡ, ಸಿಆರ್‌ಐ ಇರೋ ಲೈಟೇ ಹಾಕಿ’ ಅನ್ನುತ್ತಾರೆ. ಸಿಆರ್‌ಐ ಅಂದರೆ ದೀಪವೊಂದು ವಸ್ತುಗಳ ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದಕ್ಕೆ ಕೊಡುವ ಅಂಕ. ಅದು ಇಲ್ಲದ ಲೈಟು ಅಂತ ಒಂದಿಲ್ಲ ಮಾರಾಯರೆ. ಹೆದ್ದಾರಿಯ ಹಳೇ ಸೋಡಿಯಂ ದೀಪಕ್ಕೂ ಅದು ಇದ್ದೇ ಇದೆ. ಎಷ್ಟು ಅನ್ನುವುದು ಪ್ರಶ್ನೆ. ಆ ‘ಎಷ್ಟು’ ಬೆಳಕು ಬೆಳ್ಳಗಿದೆಯೋ ಹಳದಿಯೋ ಅನ್ನುವುದರ ಮೇಲೆ ನಿಂತಿಲ್ಲ.

ಬೆಳ್ಳಗೋ ಹಳದಿಯೋ ಎಂದು ಹೇಳುವುದು ಕೆಲ್ವಿನ್. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಪಕ್ಕದಲ್ಲಿ ಹರಿಯುವ ಸಣ್ಣ ನದಿ ಕೆಲ್ವಿನ್. ಅಲ್ಲಿ ಪಾಠ ಮಾಡುತ್ತಿದ್ದ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಅವರಿಗೆ 1892ರಲ್ಲಿ ಲಾರ್ಡ್ ಪದವಿ ಬಂದಾಗ ಆ ಹೊಳೆಯ ಹೆಸರನ್ನೇ ಇಟ್ಟುಕೊಂಡರು. ಮುಂದೆ ಉಷ್ಣತೆಯ ಏಕಮಾನಕ್ಕೂ ಅದೇ ಹೆಸರು ಬಂತು. (‘ಡಿಗ್ರಿ ಕೆಲ್ವಿನ್’ ಎಂದು ಬರೆಯುವವರಿಗೆ: ಆ ಡಿಗ್ರಿಯನ್ನು ಕೈಬಿಟ್ಟು ಅರ್ಧ ಶತಮಾನವೇ ದಾಟಿದೆ.) ಉಷ್ಣತೆಯ ಅಳತೆಗೆ ಬೆಳಕಿನ ಬಣ್ಣದ ಜೊತೆ ಏನು ಕೆಲಸ? ಕುಲುಮೆಯಲ್ಲಿಟ್ಟ ಕಬ್ಬಿಣ ಮೊದಲು ಕೆಂಪಗೆ, ಆಮೇಲೆ ಹಳದಿಗೆ, ಇನ್ನೂ ಕಾಯಿಸಿದರೆ ಬೆಳ್ಳಗೆ ತಿರುಗುತ್ತದಲ್ಲ, ಅದೇ ಲೆಕ್ಕ. ಹೀಗಾಗಿ ನಾವು ‘ವಾರ್ಮ್’ ಅನ್ನುವ 2700, 3000ದ ಹಳದಿ ಬೆಳಕೇ ಕಡಿಮೆ ಕಾವಿನದು. ‘ಕೂಲ್’ ಅನ್ನುವ 6500 ಹೆಚ್ಚು ಕಾವಿನದು. ಹಳೇ ತಂತಿ ಬಲ್ಬಿನಲ್ಲಿ ಈ ಸಂಖ್ಯೆ ಹೆಚ್ಚುಕಡಿಮೆ ತಂತಿಯ ನಿಜವಾದ ಬಿಸಿಯೇ ಆಗಿತ್ತು. ಎಲ್‌ಇಡಿಯಲ್ಲಿ ಏನೂ ಅಷ್ಟು ಕಾಯುವುದಿಲ್ಲ, ಬಣ್ಣ ಅದನ್ನು ಹೋಲುತ್ತದೆ ಅಷ್ಟೇ.

ಸಿಆರ್‌ಐ, ಅಂದರೆ ಕಲರ್ ರೆಂಡರಿಂಗ್ ಇಂಡೆಕ್ಸ್, ಕೇಳುವ ಪ್ರಶ್ನೆಯೇ ಬೇರೆ. ಈ ದೀಪದ ಕೆಳಗೆ ಇಟ್ಟ ವಸ್ತುವಿನ ಬಣ್ಣ, ಅದೇ ಕೆಲ್ವಿನ್ನಿನ ಒಂದು ಆದರ್ಶ ಬೆಳಕಿನ ಕೆಳಗೆ ಕಂಡಷ್ಟೇ ಸರಿಯಾಗಿ ಕಾಣುತ್ತದೆಯೇ? ಇಲ್ಲಿ ‘ಅದೇ ಕೆಲ್ವಿನ್ನಿನ’ ಅನ್ನುವ ಮಾತನ್ನು ನುಂಗಿಹಾಕಿದ್ದರಿಂದಲೇ ಇಷ್ಟೆಲ್ಲ ರಗಳೆ. 5000 ಕೆಲ್ವಿನ್‌ಗಿಂತ ಕೆಳಗಿನ ದೀಪವನ್ನು ಕಾದ ವಸ್ತುವಿನ ಬೆಳಕಿಗೆ ಹೋಲಿಸುತ್ತಾರೆ, ಅದಕ್ಕಿಂತ ಮೇಲಿನದನ್ನು ಹಗಲಿನ ಬೆಳಕಿಗೆ. ಆದ್ದರಿಂದ ಕಾದ ತಂತಿಯಿಂದಲೇ ಬೆಳಗುವ ಹಳದಿ ಹ್ಯಾಲೊಜೆನ್ ಹತ್ತಿರಹತ್ತಿರ ಪೂರ್ಣಾಂಕ, ಅಂದರೆ 100 ತೆಗೆಯುತ್ತದೆ. ಕಣ್ಣು ಕುಕ್ಕುವಷ್ಟು ಬೆಳ್ಳಗಿನ ಅಗ್ಗದ ಎಲ್‌ಇಡಿ 70ರಲ್ಲೇ ಒದ್ದಾಡುತ್ತಿರಬಹುದು. ಅಂದಹಾಗೆ ಇದು ಶೇಕಡಾವಾರೂ ಅಲ್ಲ. ‘90 ಪರ್ಸೆಂಟ್ ಸಿಆರ್‌ಐ’ ಎಂಬುದಕ್ಕೆ ಅರ್ಥವಿಲ್ಲ, ಯಾಕೆಂದರೆ ಈ ಅಂಕ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಕಡಿಮೆ ಒತ್ತಡದ ಸೋಡಿಯಂ ದೀಪದ್ದು ಹಾಗೇ ಇಳಿದಿದೆ.

ಅಂಕ ಹಾಕುವ ರೀತಿಯಲ್ಲೂ ಒಂದು ತೂತಿದೆ, ಸೀರೆ ಮಾರುವವರು ಕೆಡುವುದು ಅಲ್ಲೇ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಅಂಕ ಎಂಟು ಮಾದರಿ ಬಣ್ಣಗಳ ಸರಾಸರಿ. ಎಂಟೂ ತಿಳಿ ಬಣ್ಣಗಳು, ಮಂಕು ಗುಲಾಬಿ, ಮಂಕು ಹಸಿರು, ಹೀಗೆ. ಕಡುಗೆಂಪು ಒಂಬತ್ತನೆಯದು, ಆರ್9. ಅದು ಸರಾಸರಿಗೆ ಸೇರುವುದೇ ಇಲ್ಲ! ಸಾಮಾನ್ಯ ಬಿಳಿ ಎಲ್‌ಇಡಿ ಎಂದರೆ ನೀಲಿ ಬೆಳಕು ಸೂಸುವ ಚಿಪ್‌ ಮೇಲೆ, ಆ ನೀಲಿಯಲ್ಲಿ ಒಂದಿಷ್ಟನ್ನು ಹಳದಿಯಾಗಿಸುವ ಫಾಸ್ಫರ್ ಎಂಬ ವಸ್ತುವಿನ ಲೇಪ. ಅದರಲ್ಲಿ ಮೊದಲು ಕೊರತೆ ಬೀಳುವುದೇ ಕೆಂಪು. ಕೆಂಪನ್ನು ತುಂಬಿಸಹೊರಟರೆ ಅಷ್ಟೇ ವ್ಯಾಟಿಗೆ ಬೆಳಕು ಸ್ವಲ್ಪ ಕಮ್ಮಿಯಾಗುತ್ತದೆ, ಖರ್ಚೂ ಏರುತ್ತದೆ. ಅದಕ್ಕೇ ಅಗ್ಗದ ಮಾಲಿನಲ್ಲಿ ಆ ಗೋಜಿಗೆ ಹೋಗುವುದಿಲ್ಲ. ಒಟ್ಟು ಅಂಕ 80 ಇದ್ದೂ ಆರ್9 ಸೊನ್ನೆಯ ಆಸುಪಾಸಿನಲ್ಲಿರುವ ದೀಪಗಳು ಬೇಕಾದಷ್ಟಿವೆ.

ಈಗ ಇಳಕಲ್ ಸೀರೆಯನ್ನು ಆ ದೀಪದ ಕೆಳಗೆ ಹರವಿ. ಕೆಂಪು ಸೆರಗು, ಅದರ ಮೇಲೆ ಟೋಪ್ ತೆನಿ ಎಂಬ ಬಿಳಿಯ ವಿನ್ಯಾಸ. ಬಿಳಿ ಮಾತ್ರ ಫಳಫಳ ಎನ್ನುತ್ತದೆ. ಕೆಂಪು ಒಣಗಿದ ಇಟ್ಟಿಗೆಯ ಕಡೆಗೆ ಜಾರಿರುತ್ತದೆ. ನೇಯ್ದವರಿಗೆ ಅದು ತಮ್ಮ ಸೀರೆಯೇ ಎಂದು ಅನುಮಾನ ಬರಬೇಕು. ಅಂಗಡಿಯಲ್ಲಾದರೆ ‘ಒಂದ್ನಿಮಿಷ, ಬೆಳಕಿಗೆ ತಂದು ನೋಡ್ತೀನಿ’ ಎಂದು ಹೆಂಗಸರು ಸೀರೆಯನ್ನು ಬಾಗಿಲ ತನಕ ಒಯ್ಯುತ್ತಾರೆ. ಬ್ಲೌಸ್ ಪೀಸ್ ಮ್ಯಾಚಿಂಗ್‌ಗೆ ಹೋದವರಿಗಂತೂ ಇದು ಗೊತ್ತೇ ಇದೆ: ಟ್ಯೂಬ್‌ಲೈಟಿನ ಕೆಳಗೆ ಹೊಂದಿದ ಎರಡು ಬಟ್ಟೆ ಬಿಸಿಲಿಗೆ ಬಂದ ಕೂಡಲೇ ಜಗಳ ಆಡುತ್ತವೆ. ಬೆಂಗಳೂರಿನ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಂಥ ಕಡೆ ದೊಡ್ಡ ಹಾಲಿನ ನಡುಮಧ್ಯೆ ಬಾಗಿಲೆಲ್ಲಿ, ಬಿಸಿಲೆಲ್ಲಿ? ಅಲ್ಲಿ ನಿಮ್ಮ ತಲೆಯ ಮೇಲಿನ ಲೈಟೇ ಸೂರ್ಯ.

ಹಾಗಾದರೆ ಕೇಳಬೇಕಾದ್ದು ಏನು? ದೀಪದ ಮೈಮೇಲೋ ಪೆಟ್ಟಿಗೆಯ ಮೇಲೋ ಮೂರಂಕಿಯ ಕೋಡ್ ಇರುತ್ತದೆ, 840, 865, 930 ಹೀಗೆ. ಮೊದಲ ಅಂಕಿ ಸಿಆರ್‌ಐ, ಉಳಿದೆರಡು ಕೆಲ್ವಿನ್. 865 ಅಂದರೆ 80ರ ಮೇಲಿನ ಸಿಆರ್‌ಐ, 6500 ಕೆಲ್ವಿನ್. 930 ಅಂದರೆ 90ರ ಮೇಲೆ, 3000 ಕೆಲ್ವಿನ್. ಸಿಆರ್‌ಐ, ಕೆಲ್ವಿನ್ ಎರಡೂ ಒಂದೇ ಆಗಿದ್ದರೆ ಬೇರೆಬೇರೆ ಬರೆಯುವ ದರ್ದೇನಿತ್ತು? ಜವಳಿಗೆ, ಹಣ್ಣುಹಂಪಲಿಗೆ, ತಿಂಡಿಗೆ 930 ಅಥವಾ 940 ಕೇಳಿ, ಆರ್9 ಎಷ್ಟೆಂದೂ ವಿಚಾರಿಸಿ. ಬೇರಿಂಗು, ಪಂಪು, ಮೆಷಿನ್ ಟೂಲ್ ಇಡುವವರಿಗೆ 840 ಧಾರಾಳ ಸಾಕು. ಉಕ್ಕಿಗೆ ನಾಚಿಕೊಂಡು ಕೆಂಪಾಗುವ ಸ್ವಭಾವವಿಲ್ಲ. ಕೋಡ್ ಸಿಗದಿದ್ದರೆ ದೀಪದ ಕೆಳಗೆ ಅಂಗೈ ಹಿಡಿಯಿರಿ. ಚರ್ಮ ಬೂದಿ ಬಳಿದಂತೆ ಕಂಡರೆ ಆ ದೀಪದಲ್ಲಿ ಕೆಂಪಿಲ್ಲ.

ಇನ್ನೊಂದು ಮಾತು, ಜರಿಯದ್ದು. ಸಿಆರ್‌ಐ 95 ಇದ್ದರೂ ಅಗಲವಾದ ಪ್ಯಾನೆಲ್ ಲೈಟಿನ ಕೆಳಗೆ ಜರಿ ಸಪ್ಪೆ. ಜರಿ ಹೊಳೆಯುವುದು ಸಣ್ಣ ಬಿಂದುವಿನಿಂದ ಓರೆಯಾಗಿ ಬೀಳುವ ಬೆಳಕಿಗೆ. ಹಾಗಾಗಿ ಜರಿ ಅಂಚಿಗೆ ಫೋಕಸ್ ಲೈಟೇ ಆಗಬೇಕು. 24 ಡಿಗ್ರಿ ಕೋನದ್ದಾದರೆ ಎರಡು ಮೀಟರ್ ದೂರದಲ್ಲಿ ಹತ್ತಿರಹತ್ತಿರ 85 ಸೆಂಟಿಮೀಟರ್ ಅಗಲದ ಬೆಳಕಿನ ವೃತ್ತ ಸಿಗುತ್ತದೆ, ಮಡಚಿ ನೇತುಹಾಕಿದ ಒಂದು ಸೀರೆಗೆ ಅಳತೆ ತೆಗೆದಂತೆ. ಇದು ಸಿಆರ್‌ಐನ ಹೊರಗಿನ ಸಂಗತಿ, ಆದರೆ ‘ಸಿಆರ್‌ಐ ಜಾಸ್ತಿ ಇದೆ, ಜರಿ ಮಿಂಚುತ್ತೆ’ ಎಂದು ಮಾರುವವರಿರುವುದರಿಂದ ಹೇಳಬೇಕಾಯಿತು.

ಮೂರು ಮೀಟರ್ ಚೌಕದ ಆಕ್ಟೋನಾರ್ಮ್ ಸ್ಟಾಲಿಗೆ (ಅಲ್ಯೂಮಿನಿಯಂ ಕಂಬಗಳ ನಡುವೆ ಹಲಗೆ ಸಿಕ್ಕಿಸಿ ಕಟ್ಟುವ ಸಿದ್ಧ ಸ್ಟಾಲು) ಬಾಡಿಗೆಯ ಜೊತೆ ಸಾಮಾನ್ಯವಾಗಿ ಎರಡೋ ಮೂರೋ ಸ್ಪಾಟ್ ಲೈಟು ಬರುತ್ತವೆ. ಅವು ಊರೂರು ಸುತ್ತಿದ ಮಾಲು. ಒಂದು ಕೆಟ್ಟಾಗ ಗೋಡೌನಿನಲ್ಲಿ ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿರುತ್ತಾರೆ. ಆಗ ಒಂದೇ ತಾನಿನ ಎರಡು ತುಂಡು ಎರಡು ಬಣ್ಣ ಕಾಣುತ್ತವೆ, ಗಿರಾಕಿ ಡೈಯಿಂಗ್ ಸರಿ ಇಲ್ಲ ಅನ್ನುತ್ತಾರೆ. ಮೂರನ್ನೂ ಹಚ್ಚಿಸಿ, ಒಂದೇ ಬಿಳಿ ಬಟ್ಟೆಯನ್ನು ಒಂದೊಂದರ ಕೆಳಗೂ ಹಿಡಿದು ನೋಡಿ. ಬೇರೆ ಕಂಡದ್ದನ್ನು ಬದಲಿಸಲು ಹಿಂದಿನ ದಿನ ಸಂಜೆಯೊಳಗೇ ಹೇಳಿ. ಉದ್ಘಾಟನೆಯ ದಿನ ಎಲೆಕ್ಟ್ರಿಷಿಯನ್ ಫೋನ್ ಎತ್ತುವುದಿಲ್ಲ.