ಇಬ್ಬರಿದ್ದರೆ ಓಡುವ ಗಾಳಿ ದೋಣಿ ನಾಲ್ವರು ಕೂತರೆ ಯಾಕೆ ತೆವಳುತ್ತದೆ?

ಪ್ರಶ್ನೆ: ನೆರೆ ಬಂದಾಗ ಉಪಯೋಗಕ್ಕಿರಲಿ ಎಂದು ನಮ್ಮೂರಿನ ಹುಡುಗರು ಸೇರಿ 12 ಅಡಿಯ ಗಾಳಿ ತುಂಬುವ ದೋಣಿ, 15 ಎಚ್‌ಪಿ ಎಂಜಿನ್ ತಂದಿದ್ದೇವೆ. ಇಬ್ಬರಿದ್ದರೆ ಚೆನ್ನಾಗಿ ಓಡುತ್ತದೆ. ನಾಲ್ವರು ಕೂತರೆ ಮೂತಿ ಎತ್ತಿಕೊಂಡು ತೆವಳುತ್ತದೆ. 20 ಎಚ್‌ಪಿ ಎಂಜಿನ್ ಹಾಕಿದರೆ ಸರಿಹೋದೀತೇ?

ಉತ್ತರ: ಈಗಲೇ ದುಡ್ಡು ಸುರಿಯಬೇಡಿ. ದೋಣಿಯನ್ನು ನೀರಿಗಿಳಿಸಿ, ಕಾಲು ಗಂಟೆ ಬಿಟ್ಟು, ಪಕ್ಕದ ಕೊಳವೆಗಳ ಗಾಳಿಯನ್ನು ಮಾಪಕದಲ್ಲಿ ನೋಡಿ. ಇಂಥ ದೋಣಿಗಳ ಕೊಳವೆಗೆ ಸಾಮಾನ್ಯವಾಗಿ 0.25 ಬಾರ್‌ನಷ್ಟು ಒತ್ತಡ ಬೇಕು. ಬಿಸಿಲಲ್ಲಿ ತುಂಬಿದಾಗ ಒಳಗಿನ ಗಾಳಿ 40 ಡಿಗ್ರಿ ಇತ್ತು ಎನ್ನಿ. ಅದು ನೀರಲ್ಲಿ 25 ಡಿಗ್ರಿಗೆ ತಣ್ಣಗಾದರೆ ಒತ್ತಡ ಸುಮಾರು 0.19ಕ್ಕೆ ಇಳಿಯುತ್ತದೆ. ಎಲ್ಲೂ ತೂತಿಲ್ಲ, ಆದರೂ ಕಾಲು ಭಾಗ ಬಿಗಿ ಹೋಯಿತು! ದಡದಲ್ಲಿ ಕಲ್ಲಿನಂತಿದ್ದ ದೋಣಿ ಈಗ ನಡುವೆ ಬಾಗುತ್ತದೆ. ಎಂಜಿನ್ನಿನ ಶಕ್ತಿ ದೋಣಿಯನ್ನು ಮುಂದೆ ನೂಕುವ ಬದಲು ಮಡಚುವುದರಲ್ಲೇ ಕಳೆದುಹೋಗುತ್ತದೆ. ಹಾಗಾಗಿ ನೀರಲ್ಲೇ ಇನ್ನೊಮ್ಮೆ ಪಂಪ್ ಹೊಡೆಯಿರಿ. ವಾಪಸ್ ದಡಕ್ಕೆಳೆದು ಬಿಸಿಲಲ್ಲಿ ಬಿಡುವಾಗ ಸ್ವಲ್ಪ ಗಾಳಿ ಬಿಡುವುದನ್ನೂ ಮರೆಯಬೇಡಿ. ನೆಲವೂ ಗಾಳಿಯದ್ದಾಗಿದ್ದರೆ ಅದಕ್ಕೆ ಕೊಳವೆಗಿಂತ ಸುಮಾರು ಮೂರು ಪಟ್ಟು ಒತ್ತಡ ಬೇಕು.

ಆಮೇಲೆ ಯಾರು ಎಲ್ಲಿ ಕೂರುತ್ತಾರೆ ಎಂಬುದು. 12 ಅಡಿಯ ದೋಣಿ ಗಂಟೆಗೆ 8-9 ಕಿ.ಮೀ. ವೇಗದವರೆಗೆ ನೀರನ್ನು ಸೀಳಿಕೊಂಡು ಹೋಗುತ್ತದೆ. ಅದಕ್ಕಿಂತ ಜೋರಾಗಿ ಹೋಗಬೇಕೆಂದರೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ, ನೀರಿನ ಮೇಲೆ ಜಾರಬೇಕು. ಮೂತಿ ಮೇಲೇಳುವುದು ಈ ಏರಿನಲ್ಲೇ. ಚುಕ್ಕಾಣಿ ಹಿಡಿದವನೂ ಎಂಜಿನ್ನೂ ಪೆಟ್ರೋಲ್ ಟ್ಯಾಂಕೂ ಹಿಂದೆಯೇ ಇರುವಾಗ ಉಳಿದವರೂ ಅಲ್ಲೇ ಒತ್ತಿಕೊಂಡು ಕೂತರೆ ದೋಣಿ ಆ ಏರನ್ನು ದಾಟುವುದೇ ಇಲ್ಲ. ಟ್ಯಾಂಕನ್ನು ಮುಂದಕ್ಕೆ ಸರಿಸಿ, ಇಬ್ಬರನ್ನು ಮೂತಿಯ ಕಡೆ ನೆಲದ ಮೇಲೆ ಕೂರಿಸಿ. ಎಷ್ಟೋ ದೋಣಿಗಳ ರೋಗ ಇಷ್ಟಕ್ಕೇ ವಾಸಿಯಾಗುತ್ತದೆ.

ಎಂಜಿನ್ ಕೂತಿರುವ ಎತ್ತರವನ್ನೂ ನೋಡಿ. ಪ್ರೊಪೆಲ್ಲರ್‌ನ ಮೇಲುಗಡೆ ಇರುವ ಅಗಲವಾದ ತಟ್ಟೆ ದೋಣಿಯ ತಳದ ಮಟ್ಟಕ್ಕೆ, ಹೆಚ್ಚೆಂದರೆ ಒಂದು ಇಂಚು ಕೆಳಗೆ ಇರಬೇಕು. ಮೇಲಾದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಸುಮ್ಮನೆ ಕಿರುಚುತ್ತದೆ. ತೀರಾ ಕೆಳಗಾದರೆ ಆ ಉದ್ದದ ಕಾಲನ್ನು ನೀರಿನಲ್ಲಿ ಎಳೆದುಕೊಂಡು ಹೋಗುವುದೇ ಒಂದು ಭಾರ.

ಇಷ್ಟಾದ ಮೇಲೂ ತೆವಳಿದರೆ, ನನ್ನ ಅನುಮಾನ ಪ್ರೊಪೆಲ್ಲರ್ ಮೇಲೆ. ನಾಲ್ವರನ್ನೂ ಕೂರಿಸಿಕೊಂಡು ಥ್ರಾಟಲ್ ಪೂರ್ತಿ ತಿರುಗಿಸಿದಾಗ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂದು ಅಳೆಯಿರಿ. ಕೈಪಿಡಿಯಲ್ಲಿ ಒಂದು ಮಿತಿ ಬರೆದಿರುತ್ತದೆ, ನಿಮಿಷಕ್ಕೆ 5000ದಿಂದ 6000 ಎಂಬಂತೆ. ಅದರ ಕೆಳಗೇ ಉಳಿದರೆ ಏರು ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ಬೈಕ್ ಓಡಿಸಿದ ಹಾಗೆ. ಪಿಚ್, ಅಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದಲ್ಲಿ ಮುಂದೆ ಸಾಗುವ ದೂರ, ಒಂದು ಇಂಚು ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿದರೆ ಹೆಚ್ಚುಕಡಿಮೆ 200 ಸುತ್ತು ಏರುತ್ತದೆ. ಹೊಸ ಎಂಜಿನ್ನಿನ ಮುಂದೆ ಇದರ ಬೆಲೆ ಏನೇನೂ ಅಲ್ಲ. ಬೆಂಗಳೂರಿನ ಸುತ್ತಮುತ್ತಲಂತೆ 900 ಮೀಟರ್ ಎತ್ತರದ ಜಾಗದವರಿಗೆ ಇದು ಇನ್ನೂ ಮುಖ್ಯ. ಅಲ್ಲಿಯ ತೆಳು ಗಾಳಿಯಲ್ಲಿ ಎಂಜಿನ್ ಕರಾವಳಿಯಲ್ಲಿ ಕೊಡುವ ಶಕ್ತಿಯ ಹತ್ತರಲ್ಲಿ ಒಂದು ಪಾಲನ್ನು ಕಳೆದುಕೊಂಡಿರುತ್ತದೆ.

20 ಎಚ್‌ಪಿ ಬೇಕೇ ಬೇಕು ಎನಿಸಿದರೆ ದೋಣಿಯ ಹಿಂದಿನ ಹಲಗೆಯ ಫಲಕದಲ್ಲಿ ಬರೆದಿರುವ ಗರಿಷ್ಠ ಎಚ್‌ಪಿ ಓದಿ. ಅದನ್ನು ಮೀರಲೇಬೇಡಿ. ಎಂಜಿನ್ ಭಾರವಾದಷ್ಟೂ ಹಿಂಭಾರ ಇನ್ನೂ ಹೆಚ್ಚುತ್ತದೆ.

ನೀವು ನೆರೆಗೆಂದು ತಂದದ್ದು ಎಂದಿರಲ್ಲ, ಅದಕ್ಕೆ ಒಂದು ಮಾತು. ಕಬ್ಬಿನ ಗದ್ದೆಯ ಮೇಲೆ ಆಳೆತ್ತರ ನೀರು ನಿಂತಾಗ ಕೆಳಗೆ ಮುಳ್ಳುತಂತಿಯ ಬೇಲಿ ಇರುತ್ತದೆ, ಪಂಪ್‌ಸೆಟ್ಟಿನ ಕಂಬ ಇರುತ್ತದೆ. ಜನರನ್ನು ಕೂರಿಸಿಕೊಂಡು ಅಲ್ಲಿ ಸಾಗುವಾಗ ದೋಣಿ ನಡಿಗೆಯ ವೇಗದಲ್ಲೇ ಹೋಗಲಿ. ವೇಗದ ಪರೀಕ್ಷೆಯೆಲ್ಲ ಮಳೆಗಾಲಕ್ಕೆ ಮೊದಲೇ, ನಿಮಗೆ ತಳ ಗೊತ್ತಿರುವ ಕೆರೆಯಲ್ಲಿ, ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಮುಗಿಸಿಕೊಳ್ಳಿ.