ಕುಡಿತ ಬಿಡಿಸೋದು ಯಾರ ಕೆಲಸ?

ನಮ್ಮ ಬಸ್ ಸ್ಟ್ಯಾಂಡುಗಳ ಗೋಡೆ ಮೇಲೆ ಒಂದು ಚೀಟಿ ಕಣ್ಣಿಗೆ ಬೀಳುತ್ತದೆ. ಕುಡಿಯುವವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸುತ್ತೇವೆ ಅಂತ ಬರೆದು, ಕೆಳಗೆ ಮೊಬೈಲ್ ನಂಬರ್ ಕೊಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಚಿಕಿತ್ಸೆಯ ಹುಡುಕಾಟ ಶುರುವಾಗುವುದೇ ಆ ನಂಬರಿನಿಂದ. ಆಮೇಲೆ ಹರಕೆ, ಆಣೆ, ತಾಯತ. ಮನೋವೈದ್ಯರ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಬಂದರೆ. ಇದಕ್ಕೆ ಮನೆಯವರನ್ನು ಬೈದು ಪ್ರಯೋಜನವಿಲ್ಲ. ಈ ಕಾಯಿಲೆ ಯಾರ ಕೈಗೆ ಸೇರಬೇಕು ಅನ್ನುವುದು ನಮ್ಮ ಸರ್ಕಾರಗಳಿಗೇ ಬಹಳ ಕಾಲ ತೀರ್ಮಾನವಾಗಿರಲಿಲ್ಲ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಎಲ್ಲರ ಉತ್ತರ ಪಾನನಿಷೇಧ. ಸಂವಿಧಾನದ 47ನೇ ವಿಧಿಯೂ ಅದನ್ನೇ ಹೇಳುತ್ತದೆ. ಮೈಸೂರು ರಾಜ್ಯ 1967ರಲ್ಲಿ ನಿಷೇಧ ತೆಗೆಯಿತು. ಅಲ್ಲಿಂದ ಮುಂದೆ ಹೆಂಡ, ಸಾರಾಯಿ ಅಂದರೆ ಖಜಾನೆಗೆ ಬರುವ ದುಡ್ಡು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷವೇ ಕರ್ನಾಟಕ, ತಮಿಳುನಾಡು ಗಡಿಯಲ್ಲಿ ಮತ್ತೆ ವಿಷಮದ್ಯ, 150ಕ್ಕೂ ಹೆಚ್ಚು ಸಾವು. ಪ್ರತಿಸಲವೂ ಜೋರಾಗಿ ಚರ್ಚೆಯಾದದ್ದು ಅಂಗಡಿ ಇರಬೇಕೋ ಬೇಡವೋ ಅಂತ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವ, ಒಂದು ಗುಟುಕು ಬೀಳದೆ ನಿಲ್ಲಲಾಗದ ಮನುಷ್ಯ ಎಲ್ಲಿಗೆ ಹೋಗಬೇಕು ಅನ್ನುವ ಮಾತು ಬಂದದ್ದು ಕಡಿಮೆ.

ಅಷ್ಟರಲ್ಲಿ ವೈದ್ಯಕೀಯ ಬೇರೆ ದಾರಿಯಲ್ಲಿ ನಡೆದಿತ್ತು. 1935ರಲ್ಲಿ ಅಮೆರಿಕದಲ್ಲಿ ಕುಡಿತ ಬಿಟ್ಟವರೇ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. 1957ರಲ್ಲಿ ಅದು ಭಾರತಕ್ಕೂ ಬಂತು. 1940ರ ದಶಕದ ಕೊನೆಗೆ ಡೆನ್ಮಾರ್ಕಿನ ಸಂಶೋಧಕರು ಡೈಸಲ್ಫಿರಾಮ್ ಮಾತ್ರೆಯನ್ನು ಕುಡಿತದ ಚಿಕಿತ್ಸೆಗೆ ತಂದರು. ಅದನ್ನು ನುಂಗಿದ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಆ ಭಯವೇ ತಡೆ. ರೋಗಿಗೆ ಎಲ್ಲವನ್ನೂ ತಿಳಿಸಿ, ಒಪ್ಪಿಗೆ ಪಡೆದೇ ಕೊಡಬೇಕಾದ ಔಷಧಿ ಇದು. ಸಾರಿನಲ್ಲಿ ಗುಟ್ಟಾಗಿ ಕಲಸಿ ಹಾಕಿದರೆ, ಆತ ಎಂದಿನಂತೆ ಕುಡಿದಾಗ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಗೋಡೆ ಚೀಟಿಯವರ ಪುಡಿಯಲ್ಲಿ ಏನಿದೆಯೋ, ಕೊಂಡವರಿಗೆ ತಿಳಿಯುವುದಿಲ್ಲ.

ನಮ್ಮ ಕಡೆ ಆಸ್ಪತ್ರೆಯ ಬಾಗಿಲು ತೆರೆದದ್ದು ನಿಧಾನವಾಗಿ. 1980ರಲ್ಲಿ ಚೆನ್ನೈನಲ್ಲಿ ಶಾಂತಿ ರಂಗನಾಥನ್ ವ್ಯಸನ ಚಿಕಿತ್ಸೆಗೆಂದೇ ಸಂಸ್ಥೆ ಕಟ್ಟಿದರು. ಅದೇ ಇಂದಿನ ಟಿಟಿಕೆ ಆಸ್ಪತ್ರೆ. 1985ರಲ್ಲಿ ಮಾದಕ ವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ಬಂತು. 1988ರಲ್ಲಿ ದೆಹಲಿಯ ಏಮ್ಸ್‌ನಲ್ಲಿ, 1991ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ವಿಭಾಗಗಳು ಶುರುವಾದವು. ಇನ್ನೊಂದು ಹೆಮ್ಮೆಯ ವಿಷಯ ಬಳ್ಳಾರಿಯದು. 1985ರಿಂದ ಅಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವ ಪ್ರಯೋಗ ನಡೆಯಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ.

ಆದರೆ ಗೊಂದಲ ಹುಟ್ಟಿದ್ದೂ ಆ ವರ್ಷಗಳಲ್ಲೇ. ಮದ್ಯ ಮಾರಾಟ ರಾಜ್ಯದ ಅಬಕಾರಿ ಇಲಾಖೆಯ ಕೈಯಲ್ಲಿ. ಎನ್‌ಡಿಪಿಎಸ್ ಕಾಯ್ದೆ ಕೇಂದ್ರ ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯದು. ಸ್ವಯಂಸೇವಾ ಸಂಸ್ಥೆಗಳ ಪುನರ್ವಸತಿ ಕೇಂದ್ರಗಳಿಗೆ ಅನುದಾನ ಸಾಮಾಜಿಕ ನ್ಯಾಯ ಸಚಿವಾಲಯದ್ದು. ಆಸ್ಪತ್ರೆಗಳು ಆರೋಗ್ಯ ಇಲಾಖೆಯವು. ಒಂದೇ ರೋಗಿ, ನಾಲ್ಕು ಕಚೇರಿ. ಮನೆಯವರಿಗೆ ದಾರಿ ತಪ್ಪದೆ ಇರುತ್ತದಾ? ಎನ್‌ಡಿಪಿಎಸ್‌ನಲ್ಲಿ 64ಎ ಅನ್ನುವ ಕಲಮು ಇದೆ. ಮಾದಕ ವಸ್ತು ಸೇವಿಸಿದ್ದಕ್ಕೆ ಅಥವಾ ಸಣ್ಣ ಪ್ರಮಾಣದಲ್ಲಿ ಇಟ್ಟುಕೊಂಡದ್ದಕ್ಕೆ ಕೇಸಾದ ವ್ಯಸನಿ, ತಾನಾಗಿ ಮುಂದೆ ಬಂದು ಮಾನ್ಯತೆ ಇರುವ ಕಡೆ ಚಿಕಿತ್ಸೆ ಪೂರ್ತಿ ಮಾಡಿಕೊಂಡರೆ ಆ ಕೇಸಿನಿಂದ ರಕ್ಷಣೆ ಸಿಗುತ್ತದೆ. ಈ ಮಾತು ಮನೆಮನೆಗೆ ತಲುಪಬೇಕಿತ್ತು. ಪೊಲೀಸ್ ಭಯಕ್ಕೆ ಮಕ್ಕಳನ್ನು ಬಚ್ಚಿಟ್ಟುಕೊಂಡ ಅಪ್ಪ ಅಮ್ಮಂದಿರಿಗೆ ಇದು ದೊಡ್ಡ ಧೈರ್ಯ.

ಇಷ್ಟೆಲ್ಲ ಕಚೇರಿಗಳಿದ್ದೂ ಹಳ್ಳಿಗಳಲ್ಲಿ ಉಳಿದ ಖಾಲಿ ಜಾಗ ತುಂಬಿದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಸುಮಾರು ಒಂದು ವಾರ ಊರಲ್ಲೇ ಇದ್ದು, ವ್ಯಾಯಾಮ, ಭಜನೆ, ಸಲಹೆ. ಆಮೇಲೆ ನವಜೀವನ ಸಮಿತಿ ಅಂತ ಬಿಟ್ಟವರದ್ದೇ ಗುಂಪು. ಮನೆಗೆ ಹೋದ ಮೇಲೂ ಕೈ ಹಿಡಿಯುವ ಈ ಗುಂಪೇ ಶಿಬಿರದ ನಿಜವಾದ ಬಲ ಅಂತ ನನಗನ್ನಿಸುತ್ತದೆ. ಆದರೆ ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸುವುದು ಅಪಾಯ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ, ಊರು ಕೇರಿ ಮರೆತು, ಜ್ವರ ಬಂದು ಜೀವ ಹೋಗುವುದೂ ಉಂಟು. "ಬಿಟ್ಟಿದ್ದಕ್ಕೇ ತಲೆ ಕೆಟ್ಟಿತು" ಅಂತ ಮತ್ತೆ ಕುಡಿಸುವವರಿದ್ದಾರೆ. ಇದಕ್ಕೆ ಆಸ್ಪತ್ರೆಯಲ್ಲಿ ಸುಲಭದ ಚಿಕಿತ್ಸೆ ಇದೆ. ಡಯಾಜೆಪಾಮ್ ಗುಂಪಿನ ಮಾತ್ರೆಗಳನ್ನು ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾರೆ. ಬಿ1 ವಿಟಮಿನ್ ಕೊಡುತ್ತಾರೆ. ಹಾಗಾಗಿ ಶಿಬಿರಕ್ಕಾಗಲಿ, ಕೇಂದ್ರಕ್ಕಾಗಲಿ ಸೇರಿಸುವ ಮುಂಚೆ ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು.

ಕಾನೂನು ಕೊನೆಗೂ ಸ್ಪಷ್ಟವಾಗಿ ಮಾತಾಡಿದ್ದು 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯಲ್ಲಿ. ಮದ್ಯ, ಡ್ರಗ್ಸ್‌ಗೆ ಅಂಟಿಕೊಂಡ ಮಾನಸಿಕ ತೊಂದರೆಯೂ ಮಾನಸಿಕ ಕಾಯಿಲೆಯೇ ಅಂತ ಅದು ಹೇಳಿತು. ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು. ಸರಪಳಿ ಹಾಕುವ ಹಾಗಿಲ್ಲ. ಒಪ್ಪದವರನ್ನು ಸೇರಿಸಬೇಕಾದರೆ ಮನೋವೈದ್ಯರೂ ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಅದೂ ಮೊದಲಿಗೆ 30 ದಿನದ ಮಿತಿಯಲ್ಲಿ. ರಾತ್ರೋರಾತ್ರಿ ಗಾಡಿ ತಂದು ನಾಲ್ಕು ಜನ ಎತ್ತಿಕೊಂಡು ಹೋಗುವುದು ಚಿಕಿತ್ಸೆ ಅಲ್ಲವೇ ಅಲ್ಲ. ಹೊಡೆದು ಬುದ್ಧಿ ಕಲಿಸುತ್ತೇವೆ ಅನ್ನುವ ಕೇಂದ್ರಕ್ಕೆ ದಯವಿಟ್ಟು ಯಾರನ್ನೂ ಕಳಿಸಬೇಡಿ.

2019ರಲ್ಲಿ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಹೊರಬಂತು. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಗೆ ದಾಖಲಾದವರು 180ಕ್ಕೆ ಒಬ್ಬರು. ಓದಿದಾಗ ಹೊಟ್ಟೆ ಉರಿಯಿತು. ಎಲ್ಲರೂ ದಾಖಲಾಗಬೇಕಿಲ್ಲ, ಎಷ್ಟೋ ಜನರಿಗೆ ಹೊರರೋಗಿಯಾಗಿಯೇ ಚಿಕಿತ್ಸೆ ಸಾಕು. ಆ ಒಂದು ಭೇಟಿಯೂ ಆಗಿಲ್ಲವಲ್ಲ ಅನ್ನುವುದೇ ಸಂಕಟ.

ಈಗ ಹುಡುಕುವವರು ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದಿಂದ ಶುರು ಮಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ಆಸ್ಪತ್ರೆಯಲ್ಲಿ ಕೇಳಿ ನೋಡಿ. 2022ರಲ್ಲಿ ಶುರುವಾದ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಕೇಂದ್ರವೊಂದನ್ನು ನೋಡಲು ಹೋದಾಗ ನೋಂದಣಿ ಪತ್ರ ಕೇಳಿ. ಮನೋವೈದ್ಯರು ಯಾರು, ವಾರಕ್ಕೆ ಎಷ್ಟು ಸಲ ಬರುತ್ತಾರೆ ಅಂತ ಕೇಳಿ. ಒಳಗಿದ್ದವರ ಜೊತೆ ಫೋನಲ್ಲಿ ಮಾತಾಡಲು ಬಿಡುತ್ತಾರಾ ಅಂತ ಕೇಳಿ. ಡಿಸ್ಚಾರ್ಜ್ ಆದ ಮೇಲೆ ಮತ್ತೆ ಯಾವಾಗ ಬರಬೇಕು, ಮತ್ತೆ ಕುಡಿದುಬಿಟ್ಟರೆ ಏನು ಮಾಡುತ್ತೀರಿ ಅಂತಲೂ ಕೇಳಿ. ಹಾಗಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ಬಿಪಿ ಮತ್ತೆ ಏರಿದಂತೆಯೇ. ಅದಕ್ಕೆ ಉತ್ತರವೇ ಇಲ್ಲದ ಕೇಂದ್ರಕ್ಕಿಂತ ಬೇರೆ ಕಡೆ ನೋಡುವುದು ವಾಸಿ.